ಊರು, ಕೇರಿ ಮತ್ತು ಅಳತೆಗೋಲು: ವಾಸಸ್ಥಳದ ಪ್ರತ್ಯೇಕತೆಯನ್ನು ಅಳೆಯುವ ಬಗೆ ಹಾಗೂ ಧರ್ಮಸಭೆಯ ಹೊಣೆ

ಕನ್ನಡದಲ್ಲಿ ‘ಊರುಕೇರಿ’ ಎಂಬುದು ಜೋಡುನುಡಿ. ಆಡುವಾಗ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ನೆಲದ ಮೇಲೆ ಅವುಗಳ ನಡುವೆ ಒಂದು ಹಳ್ಳವೋ ಹೊಲವೋ ರಸ್ತೆಯೋ ಇರುತ್ತದೆ. ಊರಿದ್ದಲ್ಲಿ ಹೊಲಗೇರಿ ಇದ್ದೇ ಇರುತ್ತದೆ ಎಂಬ ಹಳೆಯ ಗಾದೆಯು ಈ ಅಂತರವನ್ನು ಮಳೆ ಬಿಸಿಲಿನಂತೆ ಸಹಜವೆಂದು ಸಾರಿಬಿಡುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಸಂಚರಿಸುವವರಿಗೆ ಗೊಲ್ಲರಹಟ್ಟಿ, ಲಂಬಾಣಿಹಟ್ಟಿ, ಭೋವಿ ಕಾಲೊನಿ, ಎ.ಕೆ. ಕಾಲೊನಿ ಎಂಬ ಹೆಸರುಗಳು ಹೊಸತಲ್ಲ. ಇಲ್ಲಿ ವಿಳಾಸ ಹೇಳಿದರೆ ಸಾಕು, ಜಾತಿಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಕಣ್ಣಿಗೆ ಕಾಣುವುದನ್ನು ಅಳೆಯುವ ಅಗತ್ಯವೇನು ಎಂದು ಕೇಳಬಹುದು. ದಿನವೂ ಕಾಣುವುದು ಕ್ರಮೇಣ ಕಣ್ಣಿಗೆ ಬೀಳದಂತಾಗುತ್ತದೆ ಎಂಬುದು ಮೊದಲ ಉತ್ತರ. ಒಂದು ಊರಿಗಿಂತ ಇನ್ನೊಂದರಲ್ಲಿ, ಇಪ್ಪತ್ತು ವರ್ಷಗಳ ಹಿಂದಿಗಿಂತ ಇಂದು, ಪ್ರತ್ಯೇಕತೆ ಹೆಚ್ಚಿದೆಯೋ ತಗ್ಗಿದೆಯೋ ಎಂಬುದನ್ನು ಅನಿಸಿಕೆಯಿಂದ ನಿರ್ಣಯಿಸಲಾಗದು ಎಂಬುದು ಎರಡನೆಯದು. ಈ ಉದ್ದೇಶಕ್ಕಾಗಿ ಸಮಾಜವಿಜ್ಞಾನಿಗಳು ಕೆಲವು ಸರಳ ಸೂಚ್ಯಂಕಗಳನ್ನು ರೂಪಿಸಿದ್ದಾರೆ. ಗುರು ಅಭ್ಯರ್ಥಿಗಳಿಗೂ ಧರ್ಮಕೇಂದ್ರಗಳ ಗುರುಗಳಿಗೂ ಅವುಗಳ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ. ಜೊತೆಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ: ಅಳತೆಯ ಉತ್ತರವು ಗೆರೆಯನ್ನು ಎಲ್ಲಿ ಎಳೆಯುತ್ತೇವೆ, ಯಾರನ್ನು ಯಾವ ಹೆಸರಿನಲ್ಲಿ ಎಣಿಸುತ್ತೇವೆ ಎಂಬುದನ್ನು ಅವಲಂಬಿಸಿದೆ. ಈ ಎರಡನೆಯ ಪ್ರಶ್ನೆಯಲ್ಲಿ ನಮ್ಮ ವಿಶ್ವಾಸಿಗಳೇ ಲೆಕ್ಕದಿಂದ ಜಾರಿಹೋಗುತ್ತಾರೆ.

ಎಣಿಕೆಯ ಕುರಿತು ಪವಿತ್ರ ಗ್ರಂಥ

ಜನರನ್ನು ಎಣಿಸುವ ವಿಷಯದಲ್ಲಿ ಪವಿತ್ರ ಗ್ರಂಥವು ಎಚ್ಚರದಿಂದಿದೆ. ಸಮುವೇಲನ ಎರಡನೆಯ ಗ್ರಂಥದ 24ನೇ ಅಧ್ಯಾಯದಲ್ಲಿ ದಾವೀದ ಅರಸನು ಕತ್ತಿ ಹಿಡಿಯಬಲ್ಲವರ ಲೆಕ್ಕ ತೆಗೆಸುತ್ತಾನೆ. ಆ ಎಣಿಕೆ ಪಾಪವೆನಿಸುತ್ತದೆ, ನಾಡಿಗೆ ವ್ಯಾಧಿ ತಗಲುತ್ತದೆ. ವಿಮೋಚನಾಕಾಂಡದ 30ನೇ ಅಧ್ಯಾಯದಲ್ಲಾದರೋ ಎಣಿಕೆಗೆ ದೇವರೇ ಕ್ರಮವನ್ನು ವಿಧಿಸುತ್ತಾರೆ. ಎಣಿಕೆಗೆ ಒಳಗಾದ ಪ್ರತಿಯೊಬ್ಬನೂ ಅರ್ಧ ಶೆಕೆಲ್ ಕೊಡಬೇಕು. ಸಿರಿವಂತನು ಹೆಚ್ಚು ಕೊಡುವಂತಿಲ್ಲ, ಬಡವನು ಕಡಿಮೆ ಕೊಡುವಂತಿಲ್ಲ. ಎಣಿಸುವ ಕ್ಷಣದಲ್ಲಿ ಎಲ್ಲ ತಲೆಗಳೂ ಸಮಾನ ಎಂಬ ತತ್ತ್ವ ಇಲ್ಲಿದೆ. ಲೂಕನ ಶುಭಸಂದೇಶದ 15ನೇ ಅಧ್ಯಾಯದ ಕುರುಬನಿಗೆ ಒಂದು ಕುರಿ ಕಳೆದುಹೋದದ್ದು ಗೊತ್ತಾಗುವುದೂ ಆತ ಎಣಿಸಿದ್ದರಿಂದಲೇ. ತನ್ನ ಬಲವನ್ನು ಅರಿಯಲು ಎಣಿಸುವ ಅರಸನಿಗೂ ಯಾರು ಕಾಣೆಯಾಗಿದ್ದಾರೆಂದು ಅರಿಯಲು ಎಣಿಸುವ ಕುರುಬನಿಗೂ ಇರುವ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟು ಮುಂದುವರಿಯೋಣ.

ಭಿನ್ನತಾ ಸೂಚ್ಯಂಕ

ಹೆಚ್ಚು ಬಳಕೆಯಲ್ಲಿರುವ ಅಳತೆಯೆಂದರೆ ಭಿನ್ನತಾ ಸೂಚ್ಯಂಕ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಓಟಿಸ್ ಡಡ್ಲಿ ಡಂಕನ್ ಮತ್ತು ಬೆವರ್ಲಿ ಡಂಕನ್ 1955ರಲ್ಲಿ ಪ್ರಕಟಿಸಿದ ಲೇಖನವೊಂದರಿಂದ ಇದು ನೆಲೆಗೊಂಡಿತು. ಎರಡು ಗುಂಪುಗಳು ಒಂದು ಪ್ರದೇಶದ ವಿವಿಧ ಭಾಗಗಳಲ್ಲಿ ಎಷ್ಟು ಸಮನಾಗಿ ಹಂಚಿಕೊಂಡಿವೆ ಎಂಬುದನ್ನು ಇದು ತಿಳಿಸುತ್ತದೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇದರ ಅಂಕಿಗಳು ವಿವರಣೆಗಾಗಿ ಕಲ್ಪಿಸಿಕೊಂಡವು. ಯಾವ ನಿಜವಾದ ಊರಿನವೂ ಅಲ್ಲ.

ಸಾವಿರ ಜನರಿರುವ ಒಂದು ಹಳ್ಳಿ. ಅವರಲ್ಲಿ 200 ಮಂದಿ ಪರಿಶಿಷ್ಟ ಜಾತಿಯವರು, 800 ಮಂದಿ ಇತರರು. ಹಳ್ಳಿಗೆ ನಾಲ್ಕು ಭಾಗಗಳು:

ಗುಡಿಬೀದಿ: ಇತರರು 400, ಪರಿಶಿಷ್ಟರು ಯಾರೂ ಇಲ್ಲ.
ಹೊಸಬೀದಿ: ಇತರರು 280, ಪರಿಶಿಷ್ಟರು 20.
ಕೆರೆಯಂಚಿನ ಮನೆಗಳು: ಇತರರು 80, ಪರಿಶಿಷ್ಟರು 40.
ಕಾಲೊನಿ: ಇತರರು 40, ಪರಿಶಿಷ್ಟರು 140.

ಇನ್ನು ಲೆಕ್ಕ. ಇತರರಲ್ಲಿ ನೂರಕ್ಕೆ ಎಷ್ಟು ಪಾಲು ಪ್ರತಿ ಭಾಗದಲ್ಲಿದೆಯೆಂದು ನೋಡಿದರೆ ಕ್ರಮವಾಗಿ 50, 35, 10, 5. ಪರಿಶಿಷ್ಟರಲ್ಲಿ 0, 10, 20, 70. ಪ್ರತಿ ಭಾಗದ ಎರಡು ಪಾಲುಗಳ ನಡುವಿನ ವ್ಯತ್ಯಾಸ 50, 25, 10, 65. ಇವುಗಳ ಮೊತ್ತ 150. ಅದರ ಅರ್ಧ 75. ಅಂದರೆ ಸೂಚ್ಯಂಕ 0.75. ಎಲ್ಲೆಡೆ ಸಮನಾದ ಹಂಚಿಕೆಯಿದ್ದರೆ ಅದು ಸೊನ್ನೆ. ಎರಡು ಗುಂಪುಗಳು ಎಲ್ಲಿಯೂ ಬೆರೆಯದಿದ್ದರೆ ಒಂದು. ಅಮೆರಿಕದ ನಗರಗಳ ಅಧ್ಯಯನಗಳಲ್ಲಿ 0.60ನ್ನು ಮೀರಿದರೆ ತೀವ್ರ ಪ್ರತ್ಯೇಕತೆಯೆಂದು ಗಣಿಸುವುದು ವಾಡಿಕೆ.

ಈ ಅಂಕಿಯ ಅರ್ಥವನ್ನು ಸಾಮಾನ್ಯವಾಗಿ ಹೀಗೆ ವಿವರಿಸುತ್ತಾರೆ: ಸಮನಾದ ಹಂಚಿಕೆ ಉಂಟಾಗಬೇಕಾದರೆ ಪರಿಶಿಷ್ಟರಲ್ಲಿ ನೂರಕ್ಕೆ 75 ಮಂದಿ ಬೇರೆಡೆಗೆ ಮನೆ ಬದಲಿಸಬೇಕು. ಆದರೆ ಗಣಿತದ ದೃಷ್ಟಿಯಲ್ಲಿ ಎರಡು ಗುಂಪುಗಳೂ ಸಮಾನ. ಇತರರಲ್ಲಿ ನೂರಕ್ಕೆ 75 ಮಂದಿ ಬದಲಿಸಿದರೂ ಅದೇ ಫಲ ದೊರೆಯುತ್ತದೆ. ಎದ್ದು ಹೋಗಬೇಕಾದವರು ಯಾರು ಎಂಬುದನ್ನು ಸೂತ್ರ ಹೇಳುವುದಿಲ್ಲ. ಬಡವರೇ ಏಳಬೇಕೆಂಬುದು ನಾವು ಸೇರಿಸಿಕೊಳ್ಳುವ ಮಾತು.

ಯಾರಿಗೆ ಯಾರು ನೆರೆಯವರು

ಹಂಚಿಕೆಯನ್ನು ತಿಳಿದಮಾತ್ರಕ್ಕೆ ಬದುಕಿನ ಅನುಭವ ತಿಳಿಯುವುದಿಲ್ಲ. ಡಗ್ಲಸ್ ಮ್ಯಾಸಿ ಮತ್ತು ನ್ಯಾನ್ಸಿ ಡೆಂಟನ್ 1988ರಲ್ಲಿ ಪ್ರತ್ಯೇಕತೆಗೆ ಐದು ಮುಖಗಳಿವೆಯೆಂದು ತೋರಿಸಿದರು: ಹಂಚಿಕೆಯ ಸಮತೆ, ಪರಸ್ಪರ ಸಂಪರ್ಕ, ಕಡಿಮೆ ನೆಲದಲ್ಲಿ ಕಿಕ್ಕಿರಿದಿರುವುದು, ಕೇಂದ್ರದಿಂದ ಇರುವ ದೂರ ಅಥವಾ ಸಾಮೀಪ್ಯ, ಒಂದೇ ಗುಂಪಿನ ವಸತಿಗಳು ಒಂದಕ್ಕೊಂದು ಅಂಟಿಕೊಂಡಿರುವುದು. ಅಮೆರಿಕದ ಕರಿಯ ಜನರು ಹಲವು ನಗರಗಳಲ್ಲಿ ನಗರದ ನಡುಭಾಗದಲ್ಲಿ ನೆಲೆಸಿದ್ದರು. ನಮ್ಮ ಹಳ್ಳಿಗಳಲ್ಲಿ ಚಿತ್ರ ತಿರುವುಮುರುವು, ಹೊರಗಿಡಲ್ಪಟ್ಟವರು ಅಂಚಿನಲ್ಲಿದ್ದಾರೆ. ಆದುದರಿಂದ ಬಸ್ ನಿಲ್ದಾಣ, ಶಾಲೆ, ನ್ಯಾಯಬೆಲೆ ಅಂಗಡಿ, ಕುಡಿಯುವ ನೀರು ಇವುಗಳಿಂದ ಕಾಲೊನಿಗೆ ಇರುವ ದೂರವೇ ನಮ್ಮಲ್ಲಿ ನಾಲ್ಕನೆಯ ಮುಖದ ಸರಿಯಾದ ಅಳತೆ.

ಎರಡನೆಯ ಮುಖವಾದ ಸಂಪರ್ಕವನ್ನು ತುಸು ನಿಧಾನವಾಗಿ ನೋಡಬೇಕು. ಮೇಲಿನ ಹಳ್ಳಿಯಲ್ಲಿ ಪರಿಶಿಷ್ಟ ಜಾತಿಯ ಒಬ್ಬ ವ್ಯಕ್ತಿಯ ಸುತ್ತಲಿನವರಲ್ಲಿ, ಸರಾಸರಿಯಾಗಿ, ನೂರಕ್ಕೆ 62 ಮಂದಿ ಪರಿಶಿಷ್ಟರೇ. ಸಮನಾದ ಹಂಚಿಕೆ ಇದ್ದಿದ್ದರೆ ಅದು ಕೇವಲ 20 ಆಗುತ್ತಿತ್ತು. ಇದಕ್ಕೆ ಏಕಾಕಿತನದ ಸೂಚ್ಯಂಕ ಎನ್ನಬಹುದು. ಇದನ್ನೇ ಆ ಕಡೆಯಿಂದ ನೋಡಿದರೆ, ಇತರರಲ್ಲಿ ಒಬ್ಬನ ಸುತ್ತಲಿನವರಲ್ಲಿ ಪರಿಶಿಷ್ಟರು ಸರಾಸರಿ ನೂರಕ್ಕೆ 10 ಮಂದಿ ಮಾತ್ರ. ಗುಡಿಬೀದಿಯವರಿಗಂತೂ ಸೊನ್ನೆ. ಭಿನ್ನತಾ ಸೂಚ್ಯಂಕವು ಎರಡು ಗುಂಪುಗಳಿಗೂ ಒಂದೇ ಆಗಿದ್ದರೂ ಸಂಪರ್ಕವು ಒಂದೇ ಅಲ್ಲ. ಕಾಲೊನಿಯವನು ಕೂಲಿಗಾಗಿಯೂ ದಿನಸಿಗಾಗಿಯೂ ಗುಡಿಬೀದಿಗೆ ಬರಲೇಬೇಕು. ಗುಡಿಬೀದಿಯವನು ಕಾಲೊನಿಗೆ ಕಾಲಿಡದೆಯೇ ಆಯುಷ್ಯವನ್ನು ಕಳೆಯಬಲ್ಲ. ತನ್ನ ನೆರೆಯವನು ಯಾರು ಎಂಬ ಧರ್ಮಶಾಸ್ತ್ರಿಯ ಪ್ರಶ್ನೆಯನ್ನು (ಲೂಕ 10:29) ಕೇಳುವ ಸ್ಥಿತಿಯಲ್ಲಿರುವವನು ಈ ಎರಡನೆಯವನೇ.

ಇಲ್ಲಿ ಒಂದು ಎಚ್ಚರ ಅಗತ್ಯ. ಜೊತೆಗಿರುವುದೆಲ್ಲ ನ್ಯಾಯವಲ್ಲ, ಬೇರೆಯಿರುವುದೆಲ್ಲ ಬಂಧನವಲ್ಲ. 1942ರ ಜುಲೈನಲ್ಲಿ ನಾಗಪುರದಲ್ಲಿ ಡಾ. ಅಂಬೇಡ್ಕರರ ನೇತೃತ್ವದಲ್ಲಿ ನಡೆದ ದಲಿತ ವರ್ಗಗಳ ಸಮ್ಮೇಳನವು ಪರಿಶಿಷ್ಟ ಜಾತಿಗಳಿಗೆ ಪ್ರತ್ಯೇಕ ಗ್ರಾಮಗಳು ಬೇಕೆಂದೇ ಒತ್ತಾಯಿಸಿತು. ಊರಿನವರ ಹಿಡಿತದಿಂದ ಪಾರಾಗಲು ಪ್ರತ್ಯೇಕ ನೆಲೆಯೇ ದಾರಿಯೆಂದು ಅವರಿಗೆ ಕಂಡಿತ್ತು. ಅಂಕಿಯು ದೂರವನ್ನು ತಿಳಿಸುತ್ತದೆ. ಆ ದೂರವನ್ನು ಯಾರು, ಏಕೆ ಇಟ್ಟರು ಎಂಬುದನ್ನು ಜನರನ್ನೇ ಕೇಳಿ ತಿಳಿಯಬೇಕು.

ಗೆರೆಯನ್ನು ಎಲ್ಲಿ ಎಳೆಯುವುದು

2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ ಸುಮಾರು 16.6 ಲಕ್ಷ. ಅದರಲ್ಲಿ ಪರಿಶಿಷ್ಟ ಜಾತಿಗಳು ನೂರಕ್ಕೆ 23ಕ್ಕಿಂತ ತುಸು ಹೆಚ್ಚು, ಪರಿಶಿಷ್ಟ ಪಂಗಡಗಳು ಸುಮಾರು 18. ಹಳ್ಳಿಗಳಲ್ಲಿ ಗ್ರಾಮವಾರು, ಪಟ್ಟಣಗಳಲ್ಲಿ ವಾರ್ಡುವಾರು ಈ ಅಂಕಿಗಳು ದೊರೆಯುತ್ತವೆ. ಹೊಳಲ್ಕೆರೆ ಅಥವಾ ಹೊಸದುರ್ಗ ತಾಲ್ಲೂಕಿನ ಗ್ರಾಮಗಳ ಪಟ್ಟಿಯನ್ನು ಹಿಡಿದು ಯಾರು ಬೇಕಾದರೂ ಭಿನ್ನತಾ ಸೂಚ್ಯಂಕವನ್ನು ಲೆಕ್ಕ ಹಾಕಬಹುದು. ಆದರೆ ಹಾಗೆ ಬಂದ ಉತ್ತರವು ಗ್ರಾಮ ಗ್ರಾಮಗಳ ನಡುವಿನ ವ್ಯತ್ಯಾಸವನ್ನಷ್ಟೇ ತಿಳಿಸುತ್ತದೆ. ನಮ್ಮ ಉದಾಹರಣೆಯ ಹಳ್ಳಿಯಂತೆ ಎಲ್ಲ ಹಳ್ಳಿಗಳಲ್ಲೂ ಪರಿಶಿಷ್ಟರು ನೂರಕ್ಕೆ 20 ಇದ್ದಾರೆಂದುಕೊಂಡರೆ ಗ್ರಾಮಗಳ ಮಟ್ಟದ ಸೂಚ್ಯಂಕ ಸೊನ್ನೆ. ಬೀದಿಗಳ ಮಟ್ಟದಲ್ಲಿ 0.75. ಒಂದೇ ನೆಲ, ಒಂದೇ ಜನ, ಎರಡು ಉತ್ತರಗಳು. ಭೂಗೋಳಶಾಸ್ತ್ರಜ್ಞರಿಗೆ ಇದು ಬಹುಕಾಲದಿಂದ ಪರಿಚಿತವಾದ ತೊಡಕು.

ಕರ್ನಾಟಕದ ಮಟ್ಟಿಗೆ ಇದರ ಗಾಂಭೀರ್ಯವನ್ನು ತೋರಿಸಿಕೊಟ್ಟವರು ಬೆಂಗಳೂರಿನ ಐಐಎಂನ ದೀಪಕ್ ಮಲ್ಘಾಣ್ ಹಾಗೂ ಅವರ ಸಹಸಂಶೋಧಕರು. ರಾಜ್ಯದ ಗ್ರಾಮೀಣ ಜನರ ಜಾತಿವಿವರಗಳಿದ್ದ ವಿಸ್ತಾರವಾದ ದತ್ತಾಂಶವನ್ನು ಪರಿಶೀಲಿಸಿ, ಗ್ರಾಮಗಳ ನಡುವಿನ ಪ್ರತ್ಯೇಕತೆಗಿಂತ ಗ್ರಾಮದೊಳಗಿನ ಪ್ರತ್ಯೇಕತೆಯೇ ಹೆಚ್ಚೆಂದು ಅವರು ಕಂಡುಕೊಂಡರು. ಅದನ್ನು ಅಮೆರಿಕದ ದಕ್ಷಿಣ ರಾಜ್ಯಗಳ ಕರಿಯ-ಬಿಳಿಯ ಪ್ರತ್ಯೇಕತೆಯೊಡನೆ ಹೋಲಿಸಿದರು. ನಗರಕ್ಕೆ ಹೋದರೆ ಜಾತಿ ಕರಗುತ್ತದೆ ಎಂಬ ನಂಬಿಕೆಗೂ ಆಧಾರ ಸಾಲದು. ತ್ರಿನಾ ವಿತಯತ್ತಿಲ್ ಮತ್ತು ಗಾಯತ್ರಿ ಸಿಂಗ್ ಅವರು ಭಾರತದ ಏಳು ಮಹಾನಗರಗಳ 2001ರ ವಾರ್ಡುವಾರು ಅಂಕಿಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರ್ಥಿಕ ಸ್ಥಿತಿಗಿಂತ ಜಾತಿಯ ಆಧಾರದ ಪ್ರತ್ಯೇಕತೆಯೇ ಹೆಚ್ಚೆಂದು ತಿಳಿದುಬಂತು.

ಗೆರೆ ಬದಲಾದರೆ ಅಂಕಿಯೂ ಬದಲಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿ ಜೀವಂತ ನಿದರ್ಶನವಿದೆ. ದಾಖಲೆಯಿಲ್ಲದ ತಾಂಡಾ, ಗೊಲ್ಲರಹಟ್ಟಿ, ಕಾಲೊನಿ, ಹಾಡಿಗಳನ್ನು ಸ್ವತಂತ್ರ ಕಂದಾಯ ಗ್ರಾಮಗಳೆಂದು ಘೋಷಿಸಿ ನಿವಾಸಿಗಳಿಗೆ ಹಕ್ಕುಪತ್ರ ನೀಡುವ ಕಾರ್ಯವನ್ನು ರಾಜ್ಯ ಸರ್ಕಾರ ಕೈಗೊಂಡಿದೆ. ತಲೆಮಾರುಗಳಿಂದ ವಾಸವಿದ್ದ ಮನೆಗೆ ಮೊದಲ ಬಾರಿಗೆ ದಾಖಲೆ ದೊರೆಯುವುದು ನಿಸ್ಸಂದೇಹವಾಗಿ ನ್ಯಾಯದ ಕೆಲಸ. ಆದರೆ ನಮ್ಮ ಉದಾಹರಣೆಯ ಕಾಲೊನಿಯು ಪ್ರತ್ಯೇಕ ಗ್ರಾಮವೆನಿಸಿದ ದಿನ, ಒಂದು ಮನೆಯೂ ಕದಲದಿದ್ದರೂ, ಆ ಎರಡು ಗ್ರಾಮಗಳ ನಡುವಿನ ಸೂಚ್ಯಂಕ ಸೊನ್ನೆಯಿಂದ 0.65ಕ್ಕೆ ಏರುತ್ತದೆ. ಮುಚ್ಚಿಹೋಗಿದ್ದ ಅಂತರ ದಾಖಲೆಗೆ ಬಂದಿತೆಂದು ಅದನ್ನು ಓದಬೇಕೇ ಹೊರತು ಹೊಸದಾಗಿ ಹುಟ್ಟಿತೆಂದಲ್ಲ.

ಯಾರನ್ನು ಯಾವ ಹೆಸರಿನಲ್ಲಿ ಎಣಿಸುವುದು

ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಜಾತಿಗಳಿವೆ. ಮಾದಿಗರು, ಹೊಲೆಯರು, ಲಂಬಾಣಿಗಳು, ಭೋವಿಗಳು ಎಲ್ಲರೂ ಅದರಲ್ಲಿ ಸೇರಿದ್ದಾರೆ. ಚಿತ್ರದುರ್ಗದ ಮಾದಿಗರ ಕೇರಿಯ ಅನುಭವವೂ ಲಂಬಾಣಿಹಟ್ಟಿಯ ಅನುಭವವೂ ಒಂದೇ ಅಲ್ಲ. ಅಸ್ಪೃಶ್ಯತೆಯ ಭಾರ ಎಲ್ಲರ ಮೇಲೂ ಒಂದೇ ರೀತಿ ಬಿದ್ದಿಲ್ಲ. ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗವು 2025ರಲ್ಲಿ ಪ್ರತ್ಯೇಕ ಸಮೀಕ್ಷೆ ನಡೆಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಎಲ್ಲರನ್ನೂ ಒಂದೇ ಗುಂಪೆಂದು ಎಣಿಸಿದರೆ ಅವರೊಳಗಿನ ಅಂತರ ಅಳಿಸಿಹೋಗುತ್ತದೆ.

ಇನ್ನು ನಮಗೆ ತೀರ ಹತ್ತಿರದ ಸಂಗತಿ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಮೂರನೆಯ ಕಂಡಿಕೆಯು ಪರಿಶಿಷ್ಟ ಜಾತಿಯ ಮನ್ನಣೆಯನ್ನು ಧರ್ಮಕ್ಕೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಲ್ಪಟ್ಟಿತು. ಕ್ರೈಸ್ತರಿಗೂ ಮುಸ್ಲಿಮರಿಗೂ ವಿಸ್ತರಿಸಲಿಲ್ಲ. ಈ ಪ್ರಶ್ನೆಯನ್ನು ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕಗೊಂಡಿತು. ಮೀಸಲಾತಿಯ ದೃಷ್ಟಿಯಿಂದ ಈ ವಿಷಯವನ್ನು ನಾವು ಸಾಕಷ್ಟು ಚರ್ಚಿಸಿದ್ದೇವೆ. ಅಳತೆಯ ದೃಷ್ಟಿಯಿಂದ ಅದರ ಪರಿಣಾಮವೇನು?

ನಮ್ಮ ಉದಾಹರಣೆಯ ಕಾಲೊನಿಯಲ್ಲಿರುವ ಆ 40 ಮಂದಿ ‘ಇತರರು’ ಯಾರೆಂದು ಕೇಳೋಣ. ಅವರು ಕ್ರೈಸ್ತರೆಂದು ಬರೆಸಿಕೊಂಡ ದಲಿತ ಕುಟುಂಬಗಳಾಗಿದ್ದರೆ, ಜನಗಣತಿಯ ಕಣ್ಣಿಗೆ ಅವರು ಪರಿಶಿಷ್ಟರಲ್ಲ. ಅವರು ಕಾಲೊನಿಯಲ್ಲಿರುವುದರಿಂದಲೇ ಅಲ್ಲಿ ಎರಡು ಗುಂಪುಗಳು ಬೆರೆತು ಬಾಳುತ್ತಿರುವಂತೆ ತೋರುತ್ತದೆ. ಅವರನ್ನು ಅವರ ನಿಜವಾದ ಸಾಮಾಜಿಕ ಸ್ಥಾನದಲ್ಲಿಟ್ಟು, 240 ದಲಿತರು ಮತ್ತು 760 ಇತರರು ಎಂದು ಮತ್ತೆ ಲೆಕ್ಕ ಹಾಕಿದರೆ ಸೂಚ್ಯಂಕ 0.75ರಿಂದ 0.81ಕ್ಕೆ ಏರುತ್ತದೆ. ದೀಕ್ಷಾಸ್ನಾನ ಪಡೆದವರು ಅದೇ ಕೇರಿಯಲ್ಲಿ, ಅದೇ ಬಾವಿಯ ಬಳಿ, ಅದೇ ನಿಂದೆಯ ನಡುವೆ ಬಾಳುತ್ತಾರೆ. ಲೆಕ್ಕದಲ್ಲಿ ಮಾತ್ರ ಪ್ರತ್ಯೇಕತೆ ತಗ್ಗಿದ್ದಕ್ಕೆ ಸಾಕ್ಷಿಗಳಾಗುತ್ತಾರೆ. ಪ್ರಮಾಣಪತ್ರ ಕಳೆದುಕೊಳ್ಳುವ ಭಯದಿಂದ ದಾಖಲೆಗಳಲ್ಲಿ ಹಿಂದೂಗಳೆಂದೇ ಉಳಿದ ಕುಟುಂಬಗಳು ಪರಿಶಿಷ್ಟರ ಲೆಕ್ಕಕ್ಕೆ ಸೇರುತ್ತವೆ, ಆದರೆ ಧರ್ಮಸಭೆಯ ಲೆಕ್ಕದಿಂದ ಹೊರಗುಳಿಯುತ್ತವೆ. ಎರಡು ಬಗೆಯಲ್ಲೂ ಒಂದು ಸತ್ಯ ಮರೆಯಾಗುತ್ತದೆ.

ಅಂಕಿಗೆ ಸಿಗದ ಹೊಸ್ತಿಲು

ಚಿತ್ರದುರ್ಗ ಲೋಕಸಭಾ ಕ್ಷೇತ್ರವು ಪರಿಶಿಷ್ಟ ಜಾತಿಗೆ ಮೀಸಲಾದುದು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕೂ ಈ ಕ್ಷೇತ್ರಕ್ಕೆ ಸೇರಿದೆ. 2019ರ ಸೆಪ್ಟೆಂಬರ್‌ನಲ್ಲಿ ಅಂದಿನ ಸಂಸದ ಎ. ನಾರಾಯಣಸ್ವಾಮಿ ಅವರು ಆ ತಾಲ್ಲೂಕಿನ ಗೊಲ್ಲರಹಟ್ಟಿಯೊಂದಕ್ಕೆ ಹೋದಾಗ, ಅವರು ದಲಿತರೆಂಬ ಕಾರಣಕ್ಕೆ ಹಟ್ಟಿಯ ಒಳಗೆ ಬರದಂತೆ ತಡೆಯಲಾಯಿತು. ಕೆಲ ದಿನಗಳ ನಂತರ ಅವರನ್ನು ಅಲ್ಲಿಗೆ ಬರಮಾಡಿಕೊಳ್ಳಲಾಯಿತು. ಮತ ಹಾಕಿ ಕಳುಹಿಸಿದ ಪ್ರತಿನಿಧಿಯನ್ನೂ ನಿಲ್ಲಿಸಬಲ್ಲ ಆ ಗೆರೆ ಯಾವ ನಕ್ಷೆಯಲ್ಲಿಯೂ ಇಲ್ಲ.

ತಡೆದವರು ಬಲಾಢ್ಯರೇನೂ ಅಲ್ಲ. ಕಾಡುಗೊಲ್ಲರು ಸ್ವತಃ ಊರಿನಿಂದ ದೂರ, ಹಟ್ಟಿಗಳಲ್ಲಿ ಬಾಳುವ ಹಿಂದುಳಿದ ಪಶುಪಾಲಕ ಸಮುದಾಯ. ಅವರ ಹಟ್ಟಿಗೂ ಒಂದು ಹೊರಗಿದೆ: ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹಟ್ಟಿಯ ಆಚೆಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಹಲವೆಡೆ ಇನ್ನೂ ಅಳಿದಿಲ್ಲ. ಹೊರಗಿಡಲ್ಪಟ್ಟವರೂ ತಮ್ಮೊಳಗೆ ಇನ್ನೊಬ್ಬರನ್ನು ಹೊರಗಿಡುತ್ತಾರೆ. ಮನೆಮನೆಯ ಎಣಿಕೆಯೂ ಇದನ್ನು ಹಿಡಿಯಲಾರದು, ಏಕೆಂದರೆ ಆ ಹೆಣ್ಣುಮಗಳ ವಿಳಾಸ ಹಟ್ಟಿಯ ಒಳಗೇ ಇದೆ. ರಕ್ತಸ್ರಾವದಿಂದ ಹನ್ನೆರಡು ವರ್ಷ ನರಳಿದ ಮಹಿಳೆಯನ್ನು ಯೇಸುಸ್ವಾಮಿ ಗುಂಪಿನ ನಡುವೆ ನಿಲ್ಲಿಸಿ ಮಗಳೆಂದು ಕರೆದ ಪ್ರಸಂಗವನ್ನು (ಮಾರ್ಕ 5:25-34) ಈ ಹಿನ್ನೆಲೆಯಲ್ಲಿ ಮತ್ತೆ ಓದಬೇಕು. ಗುಣವಾದದ್ದು ಗುಟ್ಟಾಗಿಯೇ ಉಳಿಯಬಹುದಿತ್ತು. ಎಲ್ಲರೆದುರು ಅವಳಿಗೆ ಸ್ಥಾನ ಕೊಟ್ಟಾಗ ಆ ಗುಣಪಡಿಸುವಿಕೆ ಪೂರ್ಣವಾಯಿತು.

ಧರ್ಮಸಭೆಯ ಒಳಗಿನ ಅಳತೆ

ಜೆರುಸಲೇಮಿನ ದೇವಾಲಯದಲ್ಲಿ ಅನ್ಯಜನರು ದಾಟಬಾರದ ಒಂದು ಅಡ್ಡಗೋಡೆ ಇತ್ತು. ದಾಟಿದವನಿಗೆ ಮರಣವೆಂದು ಎಚ್ಚರಿಸುವ ಅದರ ಗ್ರೀಕ್ ಶಾಸನವನ್ನು ಕ್ಲೆರ್ಮೋಂ-ಗನ್ನೋ 1871ರಲ್ಲಿ ಪತ್ತೆಹಚ್ಚಿದರು. ಕ್ರಿಸ್ತರು ಅಡ್ಡಗೋಡೆಯನ್ನು ಕೆಡವಿದರೆಂದು ಎಫೆಸಿಯರಿಗೆ ಬರೆದ ಪತ್ರವು (2:14) ಹೇಳುವಾಗ ಅಂದಿನ ಕೇಳುಗರ ಕಣ್ಣೆದುರು ಇಂಥ ಕಲ್ಲಿನ ಗೋಡೆಯೇ ಮೂಡಿದ್ದಿರಬೇಕು. ನಮ್ಮ ಕಾಲದಲ್ಲಿಯೂ ಗೋಡೆ ರೂಪಕವಷ್ಟೇ ಅಲ್ಲ. ತಿರುಚಿರಾಪಳ್ಳಿಯ ಕ್ರೈಸ್ತ ಸ್ಮಶಾನವೊಂದರಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸಿದ ಗೋಡೆ ವಿವಾದಕ್ಕೆ ಕಾರಣವಾಯಿತು. ತಮಿಳುನಾಡಿನ ಎರೈಯೂರಿನಲ್ಲಿ 2008ರ ಮಾರ್ಚ್‌ನಲ್ಲಿ ಕಥೋಲಿಕ ವಿಶ್ವಾಸಿಗಳ ನಡುವಿನ ಜಾತಿಕಲಹವು ಪೊಲೀಸರ ಗುಂಡಿಗೆ ಇಬ್ಬರು ಬಲಿಯಾಗುವ ತನಕ ಹೋಯಿತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯು, ದೇಶದ ಸುಮಾರು 1.9 ಕೋಟಿ ಕಥೋಲಿಕರಲ್ಲಿ ಸುಮಾರು 1.2 ಕೋಟಿ ಮಂದಿ ದಲಿತರೆಂದೂ ನಾಯಕತ್ವದಲ್ಲಿ ಅವರ ಪಾಲು ತೀರ ಕಡಿಮೆಯೆಂದೂ ಒಪ್ಪಿಕೊಂಡಿದೆ.

ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ ಚಿತ್ರದುರ್ಗ ಜಿಲ್ಲೆಯಲ್ಲಿ ಕ್ರೈಸ್ತರು ಬಹು ಅಲ್ಪಸಂಖ್ಯಾತರು, ಚದುರಿದವರು. ಇಂಥಲ್ಲಿ ಸೇವೆ ಸಲ್ಲಿಸುವ ಗುರುಗಳಿಗೆ ಜನಗಣತಿಗೆ ಇಲ್ಲದ ಒಂದು ಅನುಕೂಲವಿದೆ: ಅವರು ಮನೆಗಳಿಗೆ ಹೋಗುತ್ತಾರೆ. ಕೆಲವು ಕ್ರಮಗಳನ್ನು ಸೂಚಿಸಬಹುದು.

ಮೊದಲನೆಯದಾಗಿ, ಧರ್ಮಕೇಂದ್ರದ ಹಳ್ಳಿಗಳ ಕೈನಕ್ಷೆಯನ್ನು ಬರೆದುಕೊಳ್ಳುವುದು. ವಿಶ್ವಾಸಿಗಳ ಮನೆಗಳು ಯಾವ ಭಾಗದಲ್ಲಿವೆ, ದೇವಾಲಯ ಯಾವ ಭಾಗದಲ್ಲಿದೆ, ಕಿರು ಕ್ರೈಸ್ತ ಸಮುದಾಯದ ಕೂಟಗಳು ಕಳೆದ ವರ್ಷ ಯಾರ ಯಾರ ಮನೆಯಲ್ಲಿ ನಡೆದವು ಎಂಬುದನ್ನು ಗುರುತಿಸಿದರೆ ಅಂಕಿಗೆ ಮೊದಲೇ ಅರ್ಧ ಉತ್ತರ ಸಿಗುತ್ತದೆ.

ಎರಡನೆಯದಾಗಿ, ಮೇಲಿನ ಲೆಕ್ಕವನ್ನೇ ಸ್ಥಾನಮಾನಗಳಿಗೆ ಅನ್ವಯಿಸುವುದು. ವಿಶ್ವಾಸಿಗಳಲ್ಲಿ ಕಾಲೊನಿಯವರು ನೂರಕ್ಕೆ 60 ಇದ್ದು ಪಾಲನಾ ಮಂಡಳಿಯಲ್ಲಿ 20 ಇದ್ದರೆ, ವಾಚನ ಓದುವವರಲ್ಲಿ 10 ಇದ್ದರೆ, ಆ ವ್ಯತ್ಯಾಸವೂ ಪ್ರತ್ಯೇಕತೆಯೇ. ಶಾಲೆಯ ಪ್ರವೇಶ, ಗುರುಮಠಕ್ಕೆ ಬರುವ ಅಭ್ಯರ್ಥಿಗಳು, ಸ್ಮಶಾನದ ಜಾಗ ಎಲ್ಲಕ್ಕೂ ಇದು ಸಲ್ಲುತ್ತದೆ.

ಮೂರನೆಯದಾಗಿ, ಎಣಿಸುವಾಗ ವ್ಯಕ್ತಿಯ ಹೆಸರಿನ ಮುಂದೆ ಜಾತಿಯನ್ನು ಬರೆಯದಿರುವುದು. ಬೀದಿವಾರು ಒಟ್ಟು ಸಂಖ್ಯೆ ಸಾಕು. ಜಾತಿ ಸೂಚಿಸುವ ಪಟ್ಟಿ ಬೇರೆಯವರ ಕೈಸೇರಿದರೆ ಆಗುವ ಹಾನಿ ಆ ಕುಟುಂಬಗಳಿಗೇ. ದಾವೀದನ ಎಣಿಕೆಯೂ ಕುರುಬನ ಎಣಿಕೆಯೂ ಬೇರೆಯಾಗುವುದು ಇಲ್ಲಿಯೇ.

ನಾಲ್ಕನೆಯದಾಗಿ, ಹೊಸ ಕಟ್ಟಡದ ನಿರ್ಧಾರಕ್ಕೆ ಮುನ್ನ ಅದರ ಪರಿಣಾಮವನ್ನು ಯೋಚಿಸುವುದು. ಕಾಲೊನಿಯಲ್ಲಿ ಒಂದು, ಊರಿನಲ್ಲಿ ಒಂದು ಪ್ರಾರ್ಥನಾ ಮಂದಿರವನ್ನು ಕಟ್ಟಿದರೆ ಎರಡೂ ಕಡೆಯವರಿಗೆ ಅನುಕೂಲವಾಗಬಹುದು. ಆದರೆ ಒಂದೇ ಬಲಿಪೀಠದ ಮುಂದೆ ಅವರು ಸೇರುವ ಕೊನೆಯ ಅವಕಾಶವೂ ತಪ್ಪಬಹುದು.

ಆದಿಸಭೆಯಲ್ಲಿ ಇದಕ್ಕೆ ಮೇಲ್ಪಂಕ್ತಿಯಿದೆ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದಾಗ (ಪ್ರೇಷಿತರ ಕಾರ್ಯಕಲಾಪಗಳು 6:1-6) ಪ್ರೇಷಿತರು ಅದನ್ನು ಗೊಣಗಾಟವೆಂದು ತಳ್ಳಿಹಾಕಲಿಲ್ಲ. ಏಳು ಮಂದಿಯ ಆಯ್ಕೆಯಾಯಿತು. ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ಕಡೆಗಣಿಸಲ್ಪಟ್ಟವರ ಕಡೆಯವರ ಕೈಗೇ ಹಂಚಿಕೆಯ ಹೊಣೆ ಬಂದಿತು. ಅಳತೆಯಿಂದ ಹೊರಟ ದೂರು ಹೀಗೆ ವ್ಯವಸ್ಥೆಯ ಬದಲಾವಣೆಯಲ್ಲಿ ಮುಗಿಯಿತು.

ಹಿಬ್ರಿಯರಿಗೆ ಬರೆದ ಪತ್ರವು ಕ್ರಿಸ್ತರು ಪಟ್ಟಣದ ದ್ವಾರದ ಹೊರಗೆ ಯಾತನೆ ಅನುಭವಿಸಿದರೆಂದು ನೆನಪಿಸಿ, ಪಾಳೆಯದ ಹೊರಗೆ ಅವರ ಬಳಿಗೆ ಹೋಗಲು ಕರೆಕೊಡುತ್ತದೆ (13:12-13). ಕಾಲೊನಿಯವರನ್ನು ಊರೊಳಗೆ ಕರೆತರುವ ಮಾತನ್ನೇ ನಾವು ಹೆಚ್ಚಾಗಿ ಆಡುತ್ತೇವೆ. ಪತ್ರವು ತೋರುವ ದಿಕ್ಕು ಅದಕ್ಕೆ ವಿರುದ್ಧ: ಊರಿನಲ್ಲಿರುವವರೇ ಎದ್ದು ಹೊರಡಬೇಕು. ಭಿನ್ನತಾ ಸೂಚ್ಯಂಕವು ಉತ್ತರಿಸದೆ ಬಿಟ್ಟ ಪ್ರಶ್ನೆಗೆ ವಿಶ್ವಾಸವು ಕೊಡುವ ಉತ್ತರವಿದು. ಧರ್ಮಕೇಂದ್ರದ ನಕ್ಷೆಯನ್ನು ಬರೆಯುವ ಕೆಲಸ ಆ ಹೊರಡುವಿಕೆಯ ಮೊದಲ ಹೆಜ್ಜೆಯಾಗಲಿ.